ತವರಿನ ಹೆಸರು ಹಿಡಿದು ಹಿಂದಕ್ಕೆ: ಸ್ಕಾಟ್ಲೆಂಡಿನ ವಂಶ ಹುಡುಕುವ ದಾರಿ

ಸ್ಕಾಟ್ಲೆಂಡಿನ ಹಳೆಯ ಚರ್ಚುಗಳ ಅಂಗಳದಲ್ಲಿ ಸಮಾಧಿ ಕಲ್ಲುಗಳನ್ನು ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮೇಲೆ ಗಂಡನ ಹೆಸರು, ಕೆಳಗೆ ಹೆಂಡತಿಯ ಹೆಸರು. ಇಬ್ಬರ ಅಡ್ಡಹೆಸರೂ ಬೇರೆ ಬೇರೆ. ಮದುವೆಯಾಗಿ, ಮಕ್ಕಳನ್ನು ಹೆತ್ತು, ಗಂಡನ ಮನೆಯಲ್ಲೇ ಮುದುಕಿಯಾಗಿ ಕಣ್ಣು ಮುಚ್ಚಿದ ಹೆಂಗಸು ಕಲ್ಲಿನ ಮೇಲೆ ಮಾತ್ರ ತವರಿನ ಹೆಸರಿನಲ್ಲೇ ಇದ್ದಾಳೆ. ಅಲ್ಲಿನ ಕಾನೂನಿನ ಕಣ್ಣಿಗೆ ಮದುವೆಯಿಂದ ಹೆಣ್ಣಿನ ಹೆಸರು ಅಳಿಯುತ್ತಿರಲಿಲ್ಲ. ಗಂಡನ ಹೆಸರು ಅದರ ಜೊತೆ ಸೇರಿಕೊಳ್ಳುತ್ತಿತ್ತು, ಅಷ್ಟೆ.

ಆ ದೇಶದ ಪೂರ್ವಜರನ್ನು ಹುಡುಕಲು ಹೊರಟವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಬೆಂಗಳೂರಿನಲ್ಲಿ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದ ಆಂಗ್ಲೋ-ಇಂಡಿಯನ್ ಮನೆತನಗಳಲ್ಲಿ ಸ್ಕಾಟಿಷ್ ಅಡ್ಡಹೆಸರುಗಳು ಕಡಿಮೆಯಿಲ್ಲ. ಅಂಥ ಮನೆಯವರು ಬೇರು ಹುಡುಕಲು ಹೊರಟಾಗ ಮೊದಲು ಕೈಹಾಕುವುದು ಸಾಮಾನ್ಯವಾಗಿ ಅಡ್ಡಹೆಸರಿಗೆ: ನಮ್ಮದು ಯಾವ ಕ್ಲ್ಯಾನ್ (ಒಬ್ಬ ಮುಖ್ಯಸ್ಥನ ಹೆಸರಿನಡಿ ಗುರುತಿಸಿಕೊಳ್ಳುವ ಕುಲ), ನಮ್ಮ ಟಾರ್ಟನ್ ಬಟ್ಟೆಯ ಚೌಕಳಿ ಯಾವುದು ಎಂದು. ನನ್ನ ಅನಿಸಿಕೆ ಕೇಳಿದರೆ, ಅದನ್ನು ಬದಿಗಿಟ್ಟು ಅಜ್ಜಿಯ ತವರಿನ ಹೆಸರು ಏನೆಂದು ಕೇಳಿಕೊಳ್ಳಿ. ದಾರಿ ಅಲ್ಲಿಂದ ತೆರೆಯುತ್ತದೆ.

ಹುಡುಕಾಟ ಇಂದಿನಿಂದ ಹಿಂದಕ್ಕೆ ಸಾಗಬೇಕು. ಯಾರೋ ಪ್ರಸಿದ್ಧ ಪೂರ್ವಜನನ್ನು ಹಿಡಿದು ಅಲ್ಲಿಂದ ಕೆಳಕ್ಕಿಳಿದರೆ ತನ್ನದಲ್ಲದ ಮರಕ್ಕೆ ತಾನೇ ಕಸಿ ಕಟ್ಟಿಕೊಂಡಂತೆ. ನಿಮಗೆ ಖಾತ್ರಿಯಾಗಿ ಗೊತ್ತಿರುವ ಕೊನೆಯ ವ್ಯಕ್ತಿಯ ಮರಣ ದಾಖಲೆಯಿಂದ ಶುರು ಮಾಡಿ.

ಸ್ಕಾಟ್ಲೆಂಡಿನಲ್ಲಿ ಸರ್ಕಾರವೇ ಜನನ, ಮದುವೆ, ಮರಣಗಳನ್ನು ಕಡ್ಡಾಯವಾಗಿ ಬರೆಸಲು ಆರಂಭಿಸಿದ್ದು 1855ರ ಜನವರಿ 1ರಿಂದ. ಇಂಗ್ಲೆಂಡಿನಲ್ಲಿ ಇದು 1837ರಲ್ಲೇ ಬಂದಿತ್ತು. ಹದಿನೆಂಟು ವರ್ಷ ತಡವಾದರೂ ಸ್ಕಾಟ್ಲೆಂಡಿನವರು ಮಾಡಿದ ಕೆಲಸ ಬಹಳ ಅಚ್ಚುಕಟ್ಟು. ಇಂಗ್ಲೆಂಡಿನ ಮದುವೆ ದಾಖಲೆಯಲ್ಲಿ 2021ರವರೆಗೂ ವಧೂವರರ ತಂದೆಯರ ಹೆಸರಷ್ಟೇ ಇರುತ್ತಿತ್ತು. ಸ್ಕಾಟ್ಲೆಂಡಿನದರಲ್ಲಿ ಮೊದಲ ದಿನದಿಂದಲೇ ಎರಡೂ ಕಡೆಯ ತಂದೆ ತಾಯಿ, ಜೊತೆಗೆ ತಾಯಿಯರ ತವರಿನ ಹೆಸರು. ಮರಣ ದಾಖಲೆಯಲ್ಲೂ ಹಾಗೆಯೇ: ಸತ್ತವರ ತಂದೆಯ ಹೆಸರು, ಅವನ ಕಸುಬು, ತಾಯಿಯ ಹೆಸರು, ತಾಯಿಯ ತವರಿನ ಹೆಸರು.

ಇದರ ಬಲ ಎಷ್ಟೆಂದು ಒಂದು ಲೆಕ್ಕದಿಂದ ನೋಡೋಣ. ಒಬ್ಬಾಕೆ 1862ರಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು ಎಂದಿಟ್ಟುಕೊಳ್ಳಿ. ಆಕೆ ಹುಟ್ಟಿದ್ದು 1782ರ ಸುಮಾರಿಗೆ. ಆಕೆಯ ತಂದೆ ತಾಯಿ ಹುಟ್ಟಿದ್ದು ಇನ್ನೂ ಇಪ್ಪತ್ತು ಮೂವತ್ತು ವರ್ಷ ಹಿಂದೆ. ಅಂದರೆ 1862ರ ಒಂದೇ ಒಂದು ಸಾಲು ನಿಮ್ಮನ್ನು 1750ರ ದಶಕದ ಗಂಡ ಹೆಂಡಿರ ಬಾಗಿಲಿಗೆ ತಂದು ನಿಲ್ಲಿಸುತ್ತದೆ, ಇಬ್ಬರ ಪೂರ್ತಿ ಹೆಸರಿನ ಸಮೇತ.

1855 ಅಂತೂ ಒಂದು ವಿಶೇಷ ವರ್ಷ. ಆ ವರ್ಷದ ಜನನ ದಾಖಲೆಯಲ್ಲಿ ತಂದೆ ತಾಯಿಯ ವಯಸ್ಸು, ಅವರು ಹುಟ್ಟಿದ ಊರು, ಮದುವೆಯಾದ ದಿನ ಮತ್ತು ಜಾಗ, ಈ ಮಗುವಿಗಿಂತ ಮೊದಲು ಹುಟ್ಟಿದವರು ಎಷ್ಟು, ಬದುಕಿರುವವರೆಷ್ಟು, ಹೋದವರೆಷ್ಟು ಎಲ್ಲವೂ ಇದೆ. ಮರಣ ದಾಖಲೆಯಲ್ಲಿ ಸತ್ತವರ ಮಕ್ಕಳ ಹೆಸರುಗಳು ವಯಸ್ಸಿನ ಸಮೇತ ಸಾಲಾಗಿ ಬರುತ್ತವೆ. ಇಷ್ಟೆಲ್ಲ ಬರೆಯುವುದು ನೋಂದಣಿ ಗುಮಾಸ್ತರಿಗೆ ಹೊರೆಯಾಯಿತು. ಮರುವರ್ಷವೇ ಹಲವು ಕಾಲಂಗಳನ್ನು ಕೈಬಿಟ್ಟರು. ತಂದೆ ತಾಯಿಯ ಮದುವೆಯ ದಿನ ಮತ್ತು ಜಾಗ ಮಾತ್ರ 1861ರಲ್ಲಿ ಜನನ ದಾಖಲೆಗೆ ಮರಳಿತು. ಹಾಗಾಗಿ ನಿಮ್ಮ ನೇರ ಪೂರ್ವಜರದ್ದು 1855ರಲ್ಲಿ ಏನೂ ಸಿಗದಿದ್ದರೆ ಅವರ ಅಣ್ಣ, ತಮ್ಮ, ಅಕ್ಕ, ತಂಗಿ ಯಾರಾದರೂ ಆ ವರ್ಷ ಹುಟ್ಟಿದ್ದಾರೆಯೇ, ಸತ್ತಿದ್ದಾರೆಯೇ ನೋಡಿ. ಅವರ ತಂದೆ ತಾಯಿಯೇ ನಿಮ್ಮವರ ತಂದೆ ತಾಯಿ.

ದಾಖಲೆ ಓದುವಾಗ ಎಲ್ಲಕ್ಕಿಂತ ಮೊದಲು ಕಣ್ಣು ಹೋಗಬೇಕಾದದ್ದು ಬಲಗಡೆಗೆ, ಮಾಹಿತಿ ಕೊಟ್ಟವರ ಸಹಿಯ ಮೇಲೆ. ಸತ್ತವರ ವಿವರವನ್ನು ಸತ್ತವರು ಬರೆಸುವುದಿಲ್ಲವಲ್ಲ. ಮಗ ಬರೆಸಿದ್ದರೆ ಅಜ್ಜ ಅಜ್ಜಿಯ ಹೆಸರು ಅವನಿಗೆ ಗೊತ್ತಿರಬಹುದು. ಅಳಿಯನೋ ಪಕ್ಕದ ಮನೆಯವನೋ ಬರೆಸಿದ್ದರೆ ಊಹೆ ಸೇರಿರಬಹುದು. ಎಷ್ಟೋ ಕಡೆ ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತಷ್ಟೇ ಇದೆ. ಬರೆಯಲು ಬಾರದ ಮಗಳು ಹೇಳಿದ್ದನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ಅದೇ ಮನುಷ್ಯನ ಮದುವೆ ದಾಖಲೆ ಸಿಕ್ಕರೆ ಅಲ್ಲಿ ಹೆತ್ತವರ ಹೆಸರು ಹೇಳಿದವನು ಅವನೇ. ಎರಡೂ ತಾಳೆಯಾದರೆ ನಂಬಬಹುದು.

ಜನಗಣತಿ ಈ ದಾಖಲೆಗಳಿಗೆ ಜೊತೆ. 1841ರಿಂದ ಹತ್ತು ವರ್ಷಕ್ಕೊಮ್ಮೆ ಮನೆ ಮನೆಯ ಪಟ್ಟಿ ಉಳಿದಿದೆ. ಮೊದಲನೆಯದರಲ್ಲಿ ಒಂದು ತೊಡಕು: ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕೆಂದು ಹೇಳಿದ್ದರು. ಮೂವತ್ತೊಂಬತ್ತರವನೂ ಮೂವತ್ತೈದೇ. ಮನೆಯಲ್ಲಿ ಯಾರಿಗೆ ಯಾರು ಏನಾಗಬೇಕು ಎನ್ನುವುದೂ ಇಲ್ಲ. 1851ರಿಂದ ಸಂಬಂಧವೂ ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರುಸೀಮೆ, ಸಹ ಬರುತ್ತವೆ. 1855ಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಆ ಪ್ಯಾರಿಷ್ ಹೆಸರೇ ಬೇಕು. ನೂರು ವರ್ಷ ತುಂಬಿದ ಮೇಲಷ್ಟೇ ಜನಗಣತಿಯನ್ನು ತೆರೆಯುವುದರಿಂದ ಈಗ ನೋಡಲು ಸಿಗುವ ಕೊನೆಯದು 1921ರದ್ದು.

ಇವೆಲ್ಲ ಇರುವುದು ಎಡಿನ್‌ಬರೊದ ಪ್ರಿನ್ಸಸ್ ಬೀದಿಯ ಪೂರ್ವದ ತುದಿಯಲ್ಲಿರುವ ರಿಜಿಸ್ಟರ್ ಹೌಸ್ ಕಟ್ಟಡಗಳಲ್ಲಿ, ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ಸಂಸ್ಥೆಯ ಸುಪರ್ದಿಯಲ್ಲಿ. ಅಲ್ಲಿಗೆ ಹೋಗಲಾರದವರಿಗೆ ಅದೇ ಸಂಸ್ಥೆಯ ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಜಾಲತಾಣವಿದೆ. ಸೂಚಿಯಲ್ಲಿ ಹುಡುಕಲು ದುಡ್ಡಿಲ್ಲ, ಮೂಲ ಪುಟದ ಚಿತ್ರ ತೆರೆಯಲು ಶುಲ್ಕ. ಜನನಕ್ಕೆ ನೂರು, ಮದುವೆಗೆ ಎಪ್ಪತ್ತೈದು, ಮರಣಕ್ಕೆ ಐವತ್ತು ವರ್ಷ ಕಳೆದಿದ್ದರೆ ಮನೆಯಲ್ಲೇ ಕುಳಿತು ಚಿತ್ರ ನೋಡಬಹುದು. ಸೂಚಿಯ ಸಾಲನ್ನೇ ನಂಬಿ ಮುಂದೆ ಹೋಗಬೇಡಿ. ಕಸುಬು, ಸಾಕ್ಷಿ, ಮನೆಯ ವಿಳಾಸ, ಅಂಚಿನ ಟಿಪ್ಪಣಿ ಎಲ್ಲವೂ ಮೂಲ ಪುಟದಲ್ಲೇ ಇರುವುದು. ಅಂಚಿನಲ್ಲಿ ತಿದ್ದುಪಡಿ ಪುಸ್ತಕದ ಉಲ್ಲೇಖವಿದ್ದರೆ ಅದನ್ನೂ ತೆಗೆಸಿ ನೋಡಲೇಬೇಕು. ತಂದೆಯ ಹೆಸರಿಲ್ಲದೆ ದಾಖಲಾದ ಮಗುವಿನ ತಂದೆ ಯಾರೆಂದು ನ್ಯಾಯಾಲಯ ಮುಂದೆ ತೀರ್ಮಾನಿಸಿದ್ದರೆ ಅದು ಆ ಪುಸ್ತಕದಲ್ಲಿರುತ್ತದೆ.

1855ರ ಆಚೆ

1855ಕ್ಕಿಂತ ಹಿಂದಕ್ಕೆ ಹೋದೊಡನೆ ಸರ್ಕಾರ ಮರೆಯಾಗಿ ಚರ್ಚು ಎದುರಾಗುತ್ತದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಚರ್ಚು ತನ್ನ ಒಂದೊಂದು ಪ್ಯಾರಿಷ್‌ನಲ್ಲೂ ಇಟ್ಟುಕೊಂಡು ಬಂದ ಪುಸ್ತಕಗಳಿಗೆ ಹಳೆಯ ಪ್ಯಾರಿಷ್ ರಿಜಿಸ್ಟರ್‌ಗಳೆಂದು ಹೆಸರು. ಉಳಿದಿರುವುದರಲ್ಲಿ ಎಲ್ಲಕ್ಕಿಂತ ಹಳೆಯದು ಪರ್ತ್‌ಷೈರಿನ ಎರಲ್ ಎಂಬ ಊರಿನದು, 1553ರದ್ದು. ಹಾಗೆಂದು ಎಲ್ಲ ಊರಿನದೂ ಅಷ್ಟು ಹಿಂದಿನಿಂದ ಸಿಗುತ್ತದೆ ಎಂದುಕೊಳ್ಳಬೇಡಿ. ಉತ್ತರದ ಬೆಟ್ಟಸೀಮೆಯಲ್ಲಿ, ಪಡುವಣ ದ್ವೀಪಗಳಲ್ಲಿ ಎಷ್ಟೋ ಪ್ಯಾರಿಷ್‌ಗಳ ಪುಸ್ತಕ ಶುರುವಾಗುವುದೇ 1800ರ ನಂತರ.

ಈ ಪುಸ್ತಕಗಳಲ್ಲಿ ಬರೆದಿರುವುದು ಸಾಮಾನ್ಯವಾಗಿ ಮಗುವಿನ ದೀಕ್ಷಾಸ್ನಾನ, ಮದುವೆಗೆ ಮುಂಚಿನ ಪ್ರಕಟಣೆ. ಹುಟ್ಟು, ಮದುವೆ ಎರಡನ್ನೂ ಅವುಗಳಿಂದ ನಾವು ಊಹಿಸಿಕೊಳ್ಳಬೇಕು. ಸಾವಿನ ದಾಖಲೆ ಬಹಳ ಕಡಿಮೆ. ಕೆಲವು ಕಡೆ ಶವಪೆಟ್ಟಿಗೆಗೆ ಹೊದಿಸುವ ಬಟ್ಟೆಯನ್ನು ಚರ್ಚಿನಿಂದ ಬಾಡಿಗೆಗೆ ಪಡೆದ ಲೆಕ್ಕ ಉಳಿದಿದೆ. ಬಾಡಿಗೆ ಕೊಟ್ಟ ತಾರೀಕೇ ಆ ಮನೆಯ ಸಾವಿನ ಸುದ್ದಿ.

ಹೆಸರು ಸಿಗದಿರಲು ಹಲವು ಕಾರಣಗಳಿವೆ. 1783ರಿಂದ 1794ರವರೆಗೆ ಒಂದೊಂದು ದಾಖಲೆಗೂ ಮೂರು ಪೆನ್ನಿ ತೆರಿಗೆ ಹಾಕಿದ್ದರು. ಬಡವರು ಬರೆಸುವುದನ್ನೇ ಬಿಟ್ಟರು. ರಾಷ್ಟ್ರೀಯ ಚರ್ಚಿನಿಂದ 1733ರಲ್ಲಿ ಒಂದು ಗುಂಪು ಹೊರನಡೆದಿತ್ತು. 1843ರ ಮೇ ತಿಂಗಳಿನಲ್ಲಂತೂ ಪಾದ್ರಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಎದ್ದು ಹೋಗಿ ಫ್ರೀ ಚರ್ಚ್ ಕಟ್ಟಿಕೊಂಡರು. ಅವರ ಹಿಂದೆ ಹೋದ ಮನೆಗಳ ಮಕ್ಕಳ ಹೆಸರು ಹಳೆಯ ಪುಸ್ತಕದಲ್ಲಿಲ್ಲದಿದ್ದರೆ ಅಚ್ಚರಿಯಿಲ್ಲ. 1843ರಿಂದ 1854ರವರೆಗಿನ ಈ ಹನ್ನೊಂದು ವರ್ಷ ಎಷ್ಟೋ ಜನರ ಹುಡುಕಾಟ ನಿಂತುಹೋಗುವ ಜಾಗ. ಆಗ ಫ್ರೀ ಚರ್ಚಿನ ಪುಸ್ತಕಗಳನ್ನು ಬೇರೆಯಾಗಿ ತೆಗೆಸಬೇಕು.

ಒಂದು ಮನೆಯನ್ನು ಹತ್ತಿರದಿಂದ

ಇದೆಲ್ಲ ಹೇಗೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ ಎಂದು ನೋಡಲು ಕವಿ ರಾಬರ್ಟ್ ಬರ್ನ್ಸ್‌ನ ಮನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವನು ಹುಟ್ಟಿದ್ದು 1759ರ ಜನವರಿ 25, ಏರ್ ಪಟ್ಟಣದ ಪಕ್ಕದ ಆಲೊವೇ ಹಳ್ಳಿಯಲ್ಲಿ. ಮರುದಿನವೇ ದೀಕ್ಷಾಸ್ನಾನ. ಏರ್ ಪ್ಯಾರಿಷ್‌ನ ಪುಸ್ತಕದಲ್ಲಿ ಎರಡು ಮೂರು ಸಾಲಿನ ದಾಖಲೆ: ಆಲೊವೇಯ ವಿಲಿಯಂ ಬರ್ನ್ಸ್ ಮತ್ತು ಅವನ ಪತ್ನಿ ಆಗ್ನೆಸ್ ಬ್ರೌನ್ ಇವರ ಧರ್ಮಸಮ್ಮತ ಮಗ. ತಾಯಿಯ ತವರಿನ ಹೆಸರು ಇಲ್ಲಿಯೂ ಇದೆ. ತಂದೆ ತನ್ನ ಅಡ್ಡಹೆಸರನ್ನು ಇನ್ನೊಂದು ಬಗೆಯಲ್ಲಿ, ಒಂದು ಅಕ್ಷರ ಹೆಚ್ಚು ಸೇರಿಸಿ ಬರೆಯುತ್ತಿದ್ದ. ಮಕ್ಕಳು ಅದನ್ನು ಮುಂದೆ ಮೊಟಕು ಮಾಡಿಕೊಂಡರು. ಅಕ್ಷರ ಬೇರೆಯಾದ ಮಾತ್ರಕ್ಕೆ ಮನೆತನ ಬೇರೆಯಲ್ಲ ಎನ್ನುವುದು ಇಲ್ಲಿಯೇ ಕಾಣುತ್ತದೆ.

ಈಗ ಮಕ್ಕಳ ಹೆಸರಿನ ಕ್ರಮ ನೋಡಿ. ಸ್ಕಾಟ್ಲೆಂಡಿನಲ್ಲಿ ಬಳಕೆಯಲ್ಲಿದ್ದ ರೂಢಿ ಹೀಗಿತ್ತು: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ತಂದೆಯದು. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯದು, ಮೂರನೆಯವಳಿಗೆ ತಾಯಿಯದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟು ಕರೆಯುವ ನಮ್ಮ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರ್ನ್ಸ್ ಮನೆಯ ಗಂಡುಮಕ್ಕಳು ರಾಬರ್ಟ್, ಗಿಲ್ಬರ್ಟ್, ವಿಲಿಯಂ, ಆಮೇಲೆ ಜಾನ್. ತಂದೆಯ ತಂದೆ ರಾಬರ್ಟ್, ತಾಯಿಯ ತಂದೆ ಗಿಲ್ಬರ್ಟ್ ಬ್ರೌನ್, ತಂದೆ ವಿಲಿಯಂ. ಮೂರೂ ಸರಿಯಾಗಿ ಕೂಡುತ್ತವೆ. ಹೆಣ್ಣುಮಕ್ಕಳಲ್ಲಿ ಮೊದಲನೆಯವಳು ಆಗ್ನೆಸ್, ತಾಯಿಯ ತಾಯಿಯ ಹೆಸರು. ತಂದೆಯ ತಾಯಿ ಇಸಬೆಲ್ಲಾ ಕೀತ್‌ಳ ಹೆಸರು ಮಾತ್ರ ಎರಡನೆಯವಳಿಗೆ ಬರಲಿಲ್ಲ. ಎರಡನೆಯವಳು ಆನಾಬೆಲ್ಲಾ, ಇಸಬೆಲ್ಲಾ ಹುಟ್ಟಿದ್ದು ಎಲ್ಲರಿಗಿಂತ ಕೊನೆಗೆ, 1771ರಲ್ಲಿ.

ರೂಢಿಯನ್ನು ಎಷ್ಟರಮಟ್ಟಿಗೆ ನಂಬಬೇಕು ಎನ್ನುವುದಕ್ಕೆ ಈ ಮನೆಯೇ ಅಳತೆಗೋಲು. ಅಜ್ಜನ ಹೆಸರು ಏನಿರಬಹುದು ಎಂದು ಅದು ಸುಳಿವು ಕೊಡುತ್ತದೆ, ಪುರಾವೆಯಾಗುವುದಿಲ್ಲ. ಒಂದು ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ಮೂವರು ಸಿಕ್ಕಾಗ ಅವರಲ್ಲಿ ನಿಮ್ಮವನು ಯಾರು ಎಂದು ಬೇರ್ಪಡಿಸಲು ಮಾತ್ರ ಬಹಳ ಉಪಯೋಗ. ಒಂದು ಮನೆಯಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಮೊದಲ ಮಗು ತೀರಿಕೊಂಡು, ಅಜ್ಜನ ಹೆಸರು ಅಳಿಯದಿರಲಿ ಎಂದು ಮುಂದಿನ ಮಗುವಿಗೆ ಅದನ್ನೇ ಇಟ್ಟಿರಬಹುದು.

ಇನ್ನು ಕವಿಯ ಮದುವೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಗಂಡು ಹೆಣ್ಣು ಇಬ್ಬರೂ ಒಪ್ಪಿ, ಈಗಿನಿಂದ ನಾವು ಗಂಡ ಹೆಂಡತಿ ಎಂದು ಹೇಳಿಕೊಂಡರೆ ಅದೂ ಮದುವೆಯೇ. ಪಾದ್ರಿ ಬೇಕಿಲ್ಲ, ಪ್ರಕಟಣೆ ಬೇಕಿಲ್ಲ. ಚರ್ಚು ಇದನ್ನು ಕ್ರಮತಪ್ಪಿದ ಮದುವೆ ಎಂದು ಬೈಯುತ್ತಿತ್ತು, ಆದರೆ ಅಸಿಂಧು ಎನ್ನುವಂತಿರಲಿಲ್ಲ. 1940ರವರೆಗೂ ಈ ದಾರಿ ತೆರೆದೇ ಇತ್ತು. ಇಂಗ್ಲೆಂಡಿನ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಓಡಿಬರುತ್ತಿದ್ದದ್ದು ಇದಕ್ಕೇ. ಹಾಗಾಗಿ ಪ್ಯಾರಿಷ್ ಪುಸ್ತಕದಲ್ಲಿ ಮದುವೆ ಕಾಣದಿದ್ದರೆ ಮದುವೆಯೇ ಆಗಿರಲಿಲ್ಲ ಎಂದು ಬರೆದುಕೊಳ್ಳಬೇಡಿ.

ಬರ್ನ್ಸ್ ಮತ್ತು ಜೀನ್ ಆರ್ಮರ್ ಇಂಥದ್ದೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಜೀನ್ ಬಸುರಿಯಾದಳು. ಅವಳ ತಂದೆಗೆ ಈ ಸಂಬಂಧ ಒಪ್ಪಿಗೆಯಿರಲಿಲ್ಲ. ವಿಷಯ ಮಾಕ್ಲಿನ್ ಊರಿನ ಚರ್ಚು ಪಂಚಾಯ್ತಿಗೆ ಬಂತು. ಕಿರ್ಕ್ ಸೆಷನ್ ಎನ್ನುವ ಈ ಮಂಡಳಿಯಲ್ಲಿ ಪಾದ್ರಿಯೂ ಊರ ಸಭೆಯ ಹಿರಿಯರೂ ಕುಳಿತು ಊರಿನ ನಡತೆಯನ್ನು ವಿಚಾರಿಸುತ್ತಿದ್ದರು. 1786ರ ಬೇಸಗೆಯಲ್ಲಿ ಬರ್ನ್ಸ್ ಮೂರು ಭಾನುವಾರ ಇಡೀ ಸಭೆಯ ಮುಂದೆ ನಿಂತು ಛೀಮಾರಿ ಕೇಳಬೇಕಾಯಿತು. ಪಾದ್ರಿ ವಿಲಿಯಂ ಆಲ್ಡ್ ಅವನನ್ನು ಮದುವೆಯಾಗದವನು ಎಂದು ಪ್ರಮಾಣೀಕರಿಸಿದ. ಸೆಪ್ಟೆಂಬರ್ 3ರಂದು ಅವಳಿ ಮಕ್ಕಳು ಹುಟ್ಟಿದವು. ಎರಡು ವರ್ಷದ ಮೇಲೆ, 1788ರ ಆಗಸ್ಟ್ 5ರಂದು, ಇಬ್ಬರೂ ಅದೇ ಮಂಡಳಿಯ ಮುಂದೆ ಬಂದು ತಮ್ಮ ಕ್ರಮತಪ್ಪಿದ ಮದುವೆಯನ್ನು ಒಪ್ಪಿಕೊಂಡರು, ತಪ್ಪಾಯಿತೆಂದರು. ಬರ್ನ್ಸ್ ಊರ ಬಡವರಿಗಾಗಿ ಒಂದು ಗಿನಿ ಕೊಟ್ಟ. ಮದುವೆ ಊರ್ಜಿತವಾಯಿತು. ಹೆತ್ತವರು ಮುಂದೆ ಮದುವೆಯಾದರೆ ಮೊದಲೇ ಹುಟ್ಟಿದ ಮಕ್ಕಳೂ ಸಕ್ರಮವೆಂದು ಸ್ಕಾಟ್ಲೆಂಡಿನ ಕಾನೂನು ಒಪ್ಪುತ್ತಿತ್ತು.

ಕವಿಯಲ್ಲದ ಸಾವಿರಾರು ಜನರ ಬದುಕೂ ಈ ಮಂಡಳಿಗಳ ನಡಾವಳಿ ಪುಸ್ತಕಗಳಲ್ಲಿ ಹೀಗೆಯೇ ಉಳಿದಿದೆ. ಒಂಟಿ ತಾಯಿಯನ್ನು ಕರೆಸಿ ಮಗುವಿನ ತಂದೆ ಯಾರೆಂದು ಕೇಳಿದ್ದು, ಅವಳು ಹೆಸರು ಹೇಳಿದ್ದು, ಅವನು ಇಲ್ಲವೆಂದದ್ದು, ಮತ್ತೊಂದು ಸಭೆಯಲ್ಲಿ ತಲೆಬಾಗಿದ್ದು ಎಲ್ಲವೂ ತಾರೀಕಿನ ಸಮೇತ. ದೀಕ್ಷಾಸ್ನಾನದ ಪುಸ್ತಕ ಮೌನವಾಗಿರುವ ಕಡೆ ಈ ಪುಸ್ತಕ ಬಾಯಿಬಿಡುತ್ತದೆ. ಓದುವಾಗ ಎದೆ ಭಾರವಾಗುತ್ತದೆ. ಆ ಹುಡುಗಿಯರಲ್ಲಿ ಎಷ್ಟೋ ಮಂದಿ ಬೇರೆಯವರ ಮನೆಯಲ್ಲಿ ಕೂಲಿಗಿದ್ದವರು, ಅವರ ಪರವಾಗಿ ಮಾತನಾಡುವವರು ಅಲ್ಲಿ ಇರಲಿಲ್ಲ. 2021ರಿಂದ ಈ ಪುಸ್ತಕಗಳ ಪುಟಗಳೂ ಜಾಲತಾಣದಲ್ಲಿ ಸಿಗುತ್ತಿವೆ. ಬಹುಪಾಲಿಗೆ ಹೆಸರಿನ ಸೂಚಿಯಿಲ್ಲ, ಪುಟ ಪುಟ ತಿರುವಬೇಕು. ಮಗು ಹುಟ್ಟಿದ ತಿಂಗಳು ಗೊತ್ತಿದ್ದರೆ ಅದಕ್ಕಿಂತ ಐದಾರು ತಿಂಗಳು ಹಿಂದಿನಿಂದ ಓದಲು ಶುರು ಮಾಡಿ.

ಕವಿಯ ಕೊನೆಯ ತಂಗಿ ಇಸಬೆಲ್ಲಾ ಜಾನ್ ಬೆಗ್‌ನನ್ನು ಮದುವೆಯಾಗಿ 1858ರವರೆಗೆ ಬದುಕಿದ್ದಳು. ಅಂದರೆ ಆ ಮನೆಯ ಒಂದು ಜೀವ ಸರ್ಕಾರಿ ನೋಂದಣಿಯ ಕಾಲಕ್ಕೆ ಕಾಲಿಟ್ಟಿತು. ನಿಮ್ಮ ಹುಡುಕಾಟದಲ್ಲೂ ಹೀಗೆ 1855ರ ಈಚೆ ದಡಕ್ಕೆ ತಲುಪಿದ ಒಬ್ಬ ಮುದುಕಿಯೋ ಮುದುಕನೋ ಸಿಕ್ಕರೆ, ಹದಿನೆಂಟನೆಯ ಶತಮಾನಕ್ಕೆ ದಾಟಲು ಅವರೇ ಸೇತುವೆ.

ಕ್ಲ್ಯಾನ್ ಬಗ್ಗೆ ಎರಡು ಮಾತು

ಒಂದೇ ಅಡ್ಡಹೆಸರಿನವರೆಲ್ಲ ಒಬ್ಬ ಮುಖ್ಯಸ್ಥನ ರಕ್ತ ಎಂಬುದು ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಒಡೆಯನ ಭೂಮಿಯಲ್ಲಿ ಗೇಯುತ್ತಿದ್ದವರು, ಅವನ ಆಸರೆ ಬಯಸಿ ಬಂದವರು ಅವನ ಹೆಸರನ್ನೇ ಇಟ್ಟುಕೊಂಡರು. ಗೇಲಿಕ್ ಭಾಷೆಯಲ್ಲಿ ಮ್ಯಾಕ್ ಎಂದರೆ ಮಗ. ಡೊನಾಲ್ಡನ ಮಗ ಮ್ಯಾಕ್‌ಡೊನಾಲ್ಡ್. ಡೊನಾಲ್ಡರು ಎಷ್ಟು ಮಂದಿ ಇದ್ದರೋ ಲೆಕ್ಕವಿಲ್ಲ. ಒಂದು ಮನೆತನಕ್ಕೆ ಒಂದು ಚೌಕಳಿ ಎಂಬ ಕಲ್ಪನೆ ಗಟ್ಟಿಯಾಗಿದ್ದು 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದ ಸಂಭ್ರಮದ ಆಸುಪಾಸಿನಲ್ಲಿ. ಮನೆತನದ ಲಾಂಛನವೆಂದು ಅಂಗಡಿಯಲ್ಲಿ ಮಾರುವುದನ್ನೂ ನಂಬಬೇಡಿ. ಸ್ಕಾಟ್ಲೆಂಡಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಸೇರಿದ್ದು, ಅಡ್ಡಹೆಸರಿಗಲ್ಲ.

ಗೇಲಿಕ್ ಸೀಮೆಯಲ್ಲಿ ಕಾಗದಕ್ಕಿಂತ ಮೊದಲು ವಂಶ ನೆನಪಿನಲ್ಲಿತ್ತು. ಶೆನಕಿ ಎಂದು ಕರೆಯುತ್ತಿದ್ದ ಬಾಯಿಪಾಠದವರು ತಲೆಮಾರುಗಳ ಹೆಸರನ್ನು ಹೇಳುತ್ತಿದ್ದರು. 1249ರಲ್ಲಿ ಮೂರನೆಯ ಅಲೆಕ್ಸಾಂಡರನ ಪಟ್ಟಾಭಿಷೇಕದಲ್ಲಿ ಬೆಟ್ಟಸೀಮೆಯವನೊಬ್ಬ ಎದ್ದು ದೊರೆಯ ವಂಶಾವಳಿಯನ್ನು ಗೇಲಿಕ್‌ನಲ್ಲಿ ಹೇಳಿದನೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ನಮ್ಮ ಉತ್ತರ ಕರ್ನಾಟಕದ ಹೆಳವರನ್ನು ಕಂಡವರಿಗೆ ಆ ಮನುಷ್ಯ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಆದರೆ ಗೇಲಿಕ್ ಹೆಸರು ಇಂಗ್ಲಿಷ್ ಬರೆಯುವ ಗುಮಾಸ್ತನ ಕೈಗೆ ಬಂದಾಗ ರೂಪ ಬದಲಿಸಿತು. ಪ್ಯಾಟ್ರಿಕ್ ಇದ್ದವನು ಪೀಟರ್ ಆದ, ಡೊನಾಲ್ಡ್ ಡೇನಿಯಲ್ ಆದ, ಗಿಲೆಸ್ಪಿ ಆರ್ಚಿಬಾಲ್ಡ್ ಆದ. ಜೀನ್, ಜಾನೆಟ್, ಜೆಸ್ಸಿ ಒಬ್ಬಳೇ ಇರಬಹುದು. ಹುಡುಕುವಾಗ ಎಲ್ಲ ರೂಪಗಳನ್ನೂ ಹಾಕಿ ನೋಡಿ.

ಉಳಿದ ದಾಖಲೆಗಳು ಬೇಕಾದಷ್ಟಿವೆ. 1855ರಿಂದ ಮನೆ ಮನೆಯ ಬಾಡಿಗೆ ಬೆಲೆಯ ಪಟ್ಟಿಗಳು ಇವೆ, ಜನಗಣತಿಯ ನಡುವಿನ ವರ್ಷಗಳಲ್ಲಿ ಮನೆ ಬದಲಿಸಿದವರನ್ನು ಹಿಡಿಯಲು ಅವು ಅನುಕೂಲ. ಉಯಿಲುಗಳು ಹದಿನಾರನೆಯ ಶತಮಾನದಿಂದ ಇವೆ. 1868ಕ್ಕಿಂತ ಹಿಂದೆ ಭೂಮಿಯನ್ನು ಉಯಿಲಿನಲ್ಲಿ ಬರೆದುಕೊಡುವಂತಿರಲಿಲ್ಲ, ಅದು ನೇರ ಹಿರಿಯ ಮಗನಿಗೆ. ಅದಕ್ಕೇ ಉಯಿಲಿನಲ್ಲಿ ಹಿರಿಮಗನ ಹೆಸರಿಲ್ಲದಿದ್ದರೆ ಅವನನ್ನು ಮನೆಯಿಂದ ಹೊರಹಾಕಿದ್ದರೆಂದು ತಿಳಿಯಬೇಡಿ. ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವುದು ಬಡವರ ಪರಿಹಾರದ ಅರ್ಜಿಗಳು. 1845ರ ಬಡವರ ಕಾನೂನಿನ ಮೇಲೆ ಗ್ಲಾಸ್ಗೋದಲ್ಲಿ ಸಹಾಯ ಕೇಳಿ ಬಂದವರ ಊರು, ಹೆತ್ತವರು, ಹೆಂಡತಿ ಮಕ್ಕಳು, ಕಾಯಿಲೆ ಎಲ್ಲವನ್ನೂ ಅಧಿಕಾರಿಗಳು ಬರೆದುಕೊಂಡರು. ಅವು ಆ ನಗರದ ಮಿಚೆಲ್ ಲೈಬ್ರರಿಯಲ್ಲಿವೆ. ಆಸ್ತಿಯಿಲ್ಲದವರ ಮನೆತನದ ಕಥೆ ಇಷ್ಟು ವಿವರವಾಗಿ ಬೇರೆಲ್ಲೂ ಸಿಗುವುದು ಕಷ್ಟ.

ಮದ್ರಾಸಿನಿಂದ ಹಿಂದಕ್ಕೆ

ಇಲ್ಲಿಂದ ಹುಡುಕುವವರಿಗೆ ಕಷ್ಟದ ತಿರುವು ಸಮುದ್ರ ದಾಟುವ ಜಾಗ. ಮೈಸೂರು ಸೀಮೆಯ ಕೈಫಿಯತ್ತುಗಳನ್ನು, ಪಾಳೆಯಗಾರರ ವಂಶಾವಳಿಗಳನ್ನು ಊರೂರಿನಿಂದ ಕಲೆಹಾಕಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟೋರ್ನೋವೇಯವನು. ಅವನು ಹುಟ್ಟಿದ ವರ್ಷವನ್ನೇ 1753 ಅಥವಾ 1754 ಎಂದು ಅಂದಾಜಿನಲ್ಲಿ ಹೇಳಬೇಕಾಗಿದೆ. ಗ್ಲಾಸ್ಗೋದಲ್ಲಿ 1761ರಲ್ಲಿ ಹುಟ್ಟಿದ ಥಾಮಸ್ ಮನ್ರೋ ಕೆನರಾದ ಕಲೆಕ್ಟರನಾಗಿದ್ದ. ದೊಡ್ಡ ಅಧಿಕಾರಿಗಳ ಕಥೆ ಪುಸ್ತಕಗಳಲ್ಲಿ ಸಿಗುತ್ತದೆ. ಸಿಪಾಯಿಯಾಗಿ, ರೈಲ್ವೆ ಕೆಲಸಗಾರನಾಗಿ ಬಂದು ದಂಡಿನಲ್ಲೇ ಮದುವೆಯಾಗಿ ಇಲ್ಲೇ ಮಣ್ಣಾದವನದು ಹಾಗೆ ಸಿಗುವುದಿಲ್ಲ.

ಬೆಂಗಳೂರು ದಂಡಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಹೂಳಿದ ದಾಖಲೆಗಳ ನಕಲು ಮದ್ರಾಸು ಪ್ರೆಸಿಡೆನ್ಸಿಯ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಅಲ್ಲಿನ ನಮೂನೆ ಇಂಗ್ಲೆಂಡಿನ ಮಾದರಿಯದ್ದು, ತಾಯಿಯ ತವರಿನ ಹೆಸರಿಗೆ ಅಲ್ಲಿ ಜಾಗವಿಲ್ಲ. ನಾವು ಹಿಡಿದುಕೊಂಡು ಬಂದ ಎಳೆ ಹರಿಯುವುದು ಇಲ್ಲಿಯೇ. ಮತ್ತೆ ಕೂಡಿಸಲು ಸೈನ್ಯದ ಕಾಗದಗಳಿಗೆ ಹೋಗಬೇಕು. ಸಿಪಾಯಿಯಾಗಿ ಸೇರಿದವನ ಹುಟ್ಟೂರಿನ ಪ್ಯಾರಿಷ್ ಸೈನ್ಯದ ದಾಖಲೆಯಲ್ಲಿ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅಧಿಕಾರಿಯಾಗಲು ಕೆಡೆಟ್ ಅರ್ಜಿ ಹಾಕಿದವನು ದೀಕ್ಷಾಸ್ನಾನದ ಪ್ರಮಾಣಪತ್ರವನ್ನೇ ಲಗತ್ತಿಸಬೇಕಿತ್ತು. ಬರ್ನ್ಸ್‌ನ ಇಬ್ಬರು ಮಕ್ಕಳು, ವಿಲಿಯಂ ನಿಕೊಲ್ ಮತ್ತು ಜೇಮ್ಸ್ ಗ್ಲೆನ್‌ಕೇರ್ನ್, ಹೀಗೆಯೇ ಕಂಪನಿಯ ಸೈನ್ಯ ಸೇರಿದವರು, ವಿಲಿಯಂ ಮದ್ರಾಸಿನಲ್ಲಿ, ಜೇಮ್ಸ್ ಬಂಗಾಳದಲ್ಲಿ. ಇಂಥ ಕೆಡೆಟ್ ಕಾಗದಗಳ ಕಟ್ಟಿನಲ್ಲಿ ಊರಿನ ಚರ್ಚಿನ ಗುಮಾಸ್ತ ಪ್ಯಾರಿಷ್ ಪುಸ್ತಕ ನೋಡಿ ಬರೆದು ಸಹಿ ಹಾಕಿ ಕಳಿಸಿದ ಒಂದು ಚೀಟಿ ಸಿಗುತ್ತದೆ. ಮಗನ ಹೆಸರು, ತಂದೆಯ ಹೆಸರು, ಅದರ ಪಕ್ಕದಲ್ಲಿ ತವರಿನ ಹೆಸರಿನ ಸಮೇತ ತಾಯಿ.